ಅತಿಥಿ ಕಂಡಕ್ಟರ್ ಬಂದ ಸಂಜೆ ಏನನ್ನು ಕೇಳಬೇಕು?

ಪ್ರಶ್ನೆ: ನಾನು ಮೈಸೂರಿನವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಕರ್ನಾಟಕ ಸಂಗೀತದ ಕಛೇರಿಗಳನ್ನು ನಲವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಪಾಶ್ಚಾತ್ಯ ಸಂಗೀತದ ಗಂಧವಿಲ್ಲ. ಬರುವ ತಿಂಗಳು ಲಂಡನ್ನಿನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಅವನು ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನಡೆಯುವ ಸಿಂಫನಿ ಕಛೇರಿಗೆ ಟಿಕೆಟ್ ಕಾಯ್ದಿರಿಸಿದ್ದಾನೆ. ಮೊದಲು ಪಿಟೀಲು ಮತ್ತು ವಯೋಲಗಳಿಗಾಗಿ ಮೊಟ್ಸಾರ್ಟ್ ಬರೆದ ಕೃತಿ, ವಿರಾಮದ ನಂತರ ಚೈಕೋವ್‌ಸ್ಕಿಯ ಆರನೆಯ ಸಿಂಫನಿ. ಕಂಡಕ್ಟರ್ ಅತಿಥಿಯಂತೆ. ಒಂದು ವಾದ್ಯವನ್ನೂ ನುಡಿಸದ ಈ ವ್ಯಕ್ತಿ ನಿಜವಾಗಿ ಮಾಡುವುದೇನು? ಅವರದೇ ಕಂಡಕ್ಟರ್ ಇರುವಾಗ ಹೊರಗಿನವರು ಏಕೆ? ಸೋಲೋ ವಾದಕರು ಅವರ ಮಾತು ಕೇಳಬೇಕೋ, ಅವರು ಇವರ ಮಾತು ಕೇಳಬೇಕೋ? ಚಪ್ಪಾಳೆ ಯಾವಾಗ ತಟ್ಟಬೇಕು? ಒಂಬತ್ತು ವರ್ಷದ ಮೊಮ್ಮಗಳನ್ನು ಕರೆದೊಯ್ಯಬಹುದೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನನಗಿಂತ ಗಡಿಯಾರ ಚೆನ್ನಾಗಿ ಉತ್ತರ ಹೇಳುತ್ತದೆ. ನೀವು ಕೇಳಲಿರುವ ಚೈಕೋವ್‌ಸ್ಕಿಯ ಸಿಂಫನಿಯ ಕೊನೆಯ ಭಾಗವನ್ನು ರಷ್ಯಾದ ಎವ್ಗೆನಿ ಮ್ರವಿನ್‌ಸ್ಕಿ 1960ರಲ್ಲಿ ಲೆನಿನ್‌ಗ್ರಾಡ್ ವಾದ್ಯವೃಂದದೊಂದಿಗೆ ಧ್ವನಿಮುದ್ರಿಸಿದರು. ಅದು ಸುಮಾರು 10 ನಿಮಿಷದಲ್ಲಿ ಮುಗಿಯುತ್ತದೆ. ಅದೇ ಭಾಗ 1986ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೀನ್ ಅವರ ಕೈಯಲ್ಲಿ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ನುಡಿಸಿದಾಗ, 17 ನಿಮಿಷ ನಡೆಯುತ್ತದೆ. ಸ್ವರ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಎರಡೂ ಕಡೆ ನುಡಿಸಿದವರು ಪಳಗಿದ ಕಲಾವಿದರು. ನಡುವಿನ ಆ ಏಳು ನಿಮಿಷ ಬಂದದ್ದು ಕಂಡಕ್ಟರಿಂದ. ಹೊರಡುವ ಮುನ್ನ ಈ ಎರಡು ಮುದ್ರಣಗಳನ್ನು ಹುಡುಕಿ, ಕೊನೆಯ ಭಾಗವನ್ನಷ್ಟೇ ಒಂದರ ಹಿಂದೆ ಒಂದು ಕೇಳಿ. ಸಂಗೀತದ ಇತಿಹಾಸ ಹೇಳುವ ಪುಸ್ತಕಗಳನ್ನು ತಿರುವಿಹಾಕುವುದಕ್ಕಿಂತ ಅದೇ ಒಳ್ಳೆಯ ತಯಾರಿ.

ಕಂಡಕ್ಟರ್ ತಾಳ ಹಾಕುವವರು ಎಂದುಕೊಂಡು ಹೋದರೆ ನಿಮಗೆ ನಿರಾಸೆಯಾಗುತ್ತದೆ. ಬಲಗೈಯ ಕಡ್ಡಿ ಲಯವನ್ನು ಸೂಚಿಸುತ್ತದೆ, ನಿಜ. ಆದರೆ ಒಳ್ಳೆಯ ವಾದ್ಯವೃಂದಕ್ಕೆ ಲಯ ಕೆಡದಂತೆ ನುಡಿಸಲು ಯಾರ ಹಂಗೂ ಬೇಕಿಲ್ಲ. ಕೆಲವು ವೃಂದಗಳು ಕಡ್ಡಿ ಕೆಳಗಿಳಿದು ಒಂದು ಕ್ಷಣವಾದ ಮೇಲೆಯೇ ನುಡಿಸುವುದನ್ನು ನೀವು ಕಣ್ಣಾರೆ ಕಾಣಬಹುದು. ಎಡಗೈಯನ್ನು ನೋಡಿ. ಟ್ರೊಂಬೋನುಗಳಿಗೆ 'ಇಷ್ಟು ಸಾಕು' ಎನ್ನುವುದು, ಇಪ್ಪತ್ತು ಆವರ್ತಗಳಿಂದ ಸುಮ್ಮನೆ ಕುಳಿತಿರುವ ಕ್ಲಾರಿನೆಟ್ ವಾದಕರ ಕಡೆಗೆ ಸರಿಯಾದ ಕ್ಷಣಕ್ಕೆ ತಿರುಗುವುದು, ಚೆಲ್ಲೊಗಳ ಒಂದು ಎಳೆಯನ್ನು ಮೇಲಕ್ಕೆತ್ತುವುದು ಎಲ್ಲವೂ ಅದರಲ್ಲಿ ನಡೆಯುತ್ತದೆ. ಆದರೂ ನೀವು ವೇದಿಕೆಯ ಮೇಲೆ ಕಾಣುವುದು ಕೆಲಸದ ಬಾಲವನ್ನು ಮಾತ್ರ. ತಲೆಯಿಂದ ಹೊಟ್ಟೆಯವರೆಗಿನದೆಲ್ಲ ಅಭ್ಯಾಸದ ಕೋಣೆಯಲ್ಲಿ ಮುಗಿದಿರುತ್ತದೆ.

ಆ ಅಭ್ಯಾಸಕ್ಕೆ ಸಿಗುವ ಕಾಲ ಬಹಳ ಕಡಿಮೆ. ಅತಿಥಿಗೆ ಸಾಮಾನ್ಯವಾಗಿ ಎರಡು ಮೂರು ದಿನ. ಸೋಲೋ ವಾದಕರು ಬಂದು ಸೇರುವುದು ಇನ್ನೂ ತಡವಾಗಿ. ಕಛೇರಿಯ ದಿನ ಬೆಳಿಗ್ಗೆಯೋ ಮಧ್ಯಾಹ್ನವೋ ಅದೇ ಸಭಾಂಗಣದಲ್ಲಿ ಕೊನೆಯ ಅಭ್ಯಾಸ ನಡೆಯುತ್ತದೆ. ಬ್ರಿಟಿಷ್ ವಾದಕರು ಹಾಳೆ ನೋಡಿದೊಡನೆ ನುಡಿಸುವುದಕ್ಕೆ ಹೆಸರಾದವರು, ಆದ್ದರಿಂದ ಇಷ್ಟು ಸಾಕಾಗುತ್ತದೆ. ಪ್ರತಿ ಸ್ಟ್ಯಾಂಡಿನಲ್ಲೂ ಒಂದು ಪೆನ್ಸಿಲ್ ಇರುತ್ತದೆ. ಅತಿಥಿ ನಿಂತು 'ಇಲ್ಲಿ ಕಮಾನು ಮೇಲಕ್ಕೆ, ಇಲ್ಲಿ ಹಿಂದಿನವರ ಗುರುತನ್ನು ಅಳಿಸಿ' ಎಂದರೆ ಅಷ್ಟೂ ಪೆನ್ಸಿಲ್ಲುಗಳು ಒಟ್ಟಿಗೆ ಕೆಲಸಕ್ಕಿಳಿಯುತ್ತವೆ. ನಾನು ಹವ್ಯಾಸಿ ವೃಂದವೊಂದರಲ್ಲಿ ವಯೋಲ ನುಡಿಸುತ್ತಿದ್ದಾಗ ನನ್ನ ಹಾಳೆಯ ಮೇಲೆ ಮೂರು ತಲೆಮಾರಿನ ಕಂಡಕ್ಟರುಗಳ ಗುರುತುಗಳಿದ್ದವು. ಒಬ್ಬರು 'ಮೆಲ್ಲಗೆ' ಎಂದು ಬರೆಸಿದ್ದನ್ನು ಇನ್ನೊಬ್ಬರು ಹೊಡೆದುಹಾಕಿಸಿದ್ದರು, ಮೂರನೆಯವರು ಮತ್ತೆ ಬರೆಸಿದ್ದರು. ಎಲ್ಲ ಪಿಟೀಲುಗಳ ಕಮಾನುಗಳೂ ಒಂದೇ ಕಡೆಗೆ ಚಲಿಸುವುದನ್ನು ಕಂಡು ನೀವು ಬೆರಗಾಗುತ್ತೀರಿ. ಆ ಶಿಸ್ತು ಹುಟ್ಟುವುದು ಈ ಪೆನ್ಸಿಲ್ ಕೆಲಸದಲ್ಲಿ. ಎರಡು ಜನಕ್ಕೆ ಒಂದು ಸ್ಟ್ಯಾಂಡು. ಪುಟ ತಿರುಗಿಸುವುದು ಒಳಬದಿಗೆ ಕುಳಿತವರ ಪಾಲು, ಆಗ ಹೊರಬದಿಯವರು ನುಡಿಸುತ್ತಲೇ ಇರುತ್ತಾರೆ.

ಇನ್ನು ಅತಿಥಿ ಏಕೆ? ಸ್ವಂತ ಕಂಡಕ್ಟರ್ ಎಂದರೆ ವರ್ಷಪೂರ್ತಿ ಅಲ್ಲೇ ಇರುವವರಲ್ಲ. ಅವರು ತಮ್ಮ ವೃಂದಕ್ಕೆ ಕೆಲವು ವಾರಗಳನ್ನು ಕೊಡುತ್ತಾರೆ, ಉಳಿದ ಕಾಲ ಅವರೂ ಬೇರೆ ಊರುಗಳಲ್ಲಿ ಅತಿಥಿಗಳೇ. ಉಳಿದ ವಾರಗಳನ್ನು ತುಂಬುವವರು ಹೊರಗಿನವರು. ವಿಯೆನ್ನಾ ಫಿಲ್ಹಾರ್ಮೋನಿಕ್ ಅಂತೂ 1933ರಿಂದ ಸ್ಥಾಯೀ ಕಂಡಕ್ಟರನ್ನೇ ಇಟ್ಟುಕೊಂಡಿಲ್ಲ. ಅಲ್ಲಿಗೆ ಬರುವವರೆಲ್ಲ ಅತಿಥಿಗಳು. ಇದು ವಧೂಪರೀಕ್ಷೆಯೂ ಹೌದು. ವಾದಕರು ಅತಿಥಿಯನ್ನು ಅಳೆಯುತ್ತಾರೆ, ಅತಿಥಿ ವಾದಕರನ್ನು ಅಳೆಯುತ್ತಾರೆ, ಮುಂದಿನ ಸ್ಥಾಯೀ ಕಂಡಕ್ಟರ್ ಹೆಚ್ಚಾಗಿ ಈ ದಾರಿಯಲ್ಲೇ ಒಳಗೆ ಬರುತ್ತಾರೆ. ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ 1961ರಲ್ಲಿ ಲಾಸ್ ಏಂಜಲೀಸ್ ವಾದ್ಯವೃಂದಕ್ಕೆ ಹೋದದ್ದು ಕಾಯಿಲೆ ಬಿದ್ದ ಕಂಡಕ್ಟರ್ ಫ್ರಿಟ್ಜ್ ರೈನರ್ ಬದಲಿಗೆ. ಆಡಳಿತದವರಿಗೆ ಆ ತರುಣ ಎಷ್ಟು ಹಿಡಿಸಿದನೆಂದರೆ, ಸಂಗೀತ ನಿರ್ದೇಶಕರಾಗಿ ಬರಬೇಕಿದ್ದ ಗಿಯೋರ್ಗ್ ಶೋಲ್ಟಿಯವರನ್ನು ಕೇಳದೆಯೇ ಸಹಾಯಕ ಹುದ್ದೆ ಕೊಟ್ಟರು. ಶೋಲ್ಟಿ ಸಿಟ್ಟಾಗಿ ಹುದ್ದೆಯನ್ನೇ ಬಿಟ್ಟರು, ಮರುವರ್ಷ ಅದು ಮೆಹ್ತಾ ಪಾಲಾಯಿತು. ಅತಿಥಿಯ ಬದಲಿಗೆ ನಿಂತು ಒಂದೇ ದಿನದಲ್ಲಿ ಹೆಸರಾದವರು ಬರ್ನ್‌ಸ್ಟೀನ್. 1943ರ ನವೆಂಬರ್ 14ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅತಿಥಿಯಾಗಿದ್ದ ಬ್ರೂನೊ ವಾಲ್ಟರ್ ಫ್ಲೂ ಹಿಡಿದು ಮಲಗಿದರು. 25 ವರ್ಷದ ಸಹಾಯಕ ಒಂದೂ ಅಭ್ಯಾಸವಿಲ್ಲದೆ ವೇದಿಕೆ ಹತ್ತಿದ. ಕಛೇರಿ ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸಿತು.

ನೀವು ಮೈಸೂರಿನವರಾದ್ದರಿಂದ ಇನ್ನೊಂದು ಸಂಜೆಯನ್ನು ಹೇಳದೆ ಬಿಡಲಾರೆ. ರಿಚರ್ಡ್ ಸ್ಟ್ರಾಸ್ ತಮ್ಮ ಕೊನೆಗಾಲದಲ್ಲಿ ಸೊಪ್ರಾನೊ (ಹೆಂಗಸರ ತಾರಸ್ಥಾಯಿಯ) ಕಂಠಕ್ಕಾಗಿ ನಾಲ್ಕು ಹಾಡುಗಳನ್ನು ಬರೆದು, 1949ರಲ್ಲಿ ಅವನ್ನು ಕೇಳದೆಯೇ ತೀರಿಕೊಂಡರು. ಅವು ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ನುಡಿಸಿದ್ದು ಫಿಲ್ಹಾರ್ಮೋನಿಯಾ ವಾದ್ಯವೃಂದ, ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ಕಡ್ಡಿ ಹಿಡಿದವರು ಜರ್ಮನಿಯ ಅತಿಥಿ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಭರವಸೆಯಾಗಿ ನಿಂತವರು ಜಯಚಾಮರಾಜ ಒಡೆಯರು. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ಕೀರ್ತನೆಗಳನ್ನು ರಚಿಸಿದ ಅದೇ ದೊರೆ. ಇಂದು ಫಿಲ್ಹಾರ್ಮೋನಿಯಾದ ನೆಲೆ ನೀವು ಹೋಗುತ್ತಿರುವ ಫೆಸ್ಟಿವಲ್ ಹಾಲ್. ಮೈಸೂರಿನವರು ಅಲ್ಲಿ ತೀರ ಹೊರಗಿನವರಂತೆ ಮುದುರಿ ಕುಳಿತುಕೊಳ್ಳಬೇಕಿಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ.

ಸೋಲೋ ವಾದಕರು ಮತ್ತು ಕಂಡಕ್ಟರ್ ನಡುವೆ ಯಾರು ಹೆಚ್ಚು ಎಂಬ ನಿಮ್ಮ ಪ್ರಶ್ನೆಯನ್ನು ಬರ್ನ್‌ಸ್ಟೀನ್ ಸಭಿಕರ ಮುಂದೆಯೇ ಎತ್ತಿದ್ದುಂಟು. 1962ರ ಏಪ್ರಿಲ್‌ನಲ್ಲಿ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಬ್ರಾಮ್ಸ್‌ನ ಮೊದಲ ಪಿಯಾನೊ ಕನ್ಸರ್ಟೊವನ್ನು (ಸೋಲೋ ವಾದ್ಯ ಮತ್ತು ವೃಂದ ಸೇರಿ ನುಡಿಸುವ ಕೃತಿಗೆ ಆ ಹೆಸರು) ವಿಪರೀತ ನಿಧಾನವಾಗಿ ನುಡಿಸುವವರಿದ್ದರು. ಬರ್ನ್‌ಸ್ಟೀನ್ ಕಡ್ಡಿ ಎತ್ತುವ ಮುನ್ನ ಸಭೆಯತ್ತ ತಿರುಗಿ, ಈ ಗತಿಯನ್ನು ತಾವು ಒಪ್ಪುವುದಿಲ್ಲ ಎಂದು ಹೇಳಿ, ಹಾಗಿದ್ದೂ ಗೂಲ್ಡ್ ಬಯಸಿದಂತೆಯೇ ನಡೆಸಿಕೊಟ್ಟರು. ಕೊನೆಗೆ ಗೆದ್ದದ್ದು ಸೋಲೋ ವಾದಕ ಎನ್ನುವುದನ್ನು ಗಮನಿಸಿ. ಸಾಮಾನ್ಯವಾಗಿ ನಡೆಯುವುದೂ ಇದೇ: ಕನ್ಸರ್ಟೊದಲ್ಲಿ ಗತಿ ವಾದಕರದು, ಅದಕ್ಕೆ ನೆಲ ಹಾಸುವ ಹೊಣೆ ಕಂಡಕ್ಟರದು. ಜಗಳವೆಲ್ಲ ಮೊದಲೇ ಕೋಣೆಯೊಳಗೆ, ಪಿಯಾನೊ ಪಕ್ಕದಲ್ಲೋ ಸ್ವರಗಳ ಪುಸ್ತಕದ ಮುಂದೋ ಮುಗಿದಿರುತ್ತದೆ.

ನಿಮ್ಮ ಕಾರ್ಯಕ್ರಮದ ಮೊಟ್ಸಾರ್ಟ್ ಕೃತಿಯಲ್ಲಿ ಈ ಸಂಬಂಧ ಇನ್ನೂ ಸೂಕ್ಷ್ಮ, ಏಕೆಂದರೆ ಅಲ್ಲಿ ಇಬ್ಬರಿದ್ದಾರೆ. 'ಸಿನ್ಫೊನಿಯಾ ಕನ್ಸರ್ಟಾಂಟೆ' ಎಂದು ಅದರ ಹೆಸರು. 1779ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಬರೆದದ್ದು. ಅದರ ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ತಾಯಿಯನ್ನು ಕಳೆದುಕೊಂಡಿದ್ದ 23ರ ಯುವಕ ಮೊಟ್ಸಾರ್ಟ್. ಮೊದಲು ವೃಂದ ಸುಮಾರು ಎರಡು ನಿಮಿಷ ತಾನೇ ನುಡಿಸುತ್ತದೆ. ಸೋಲೋ ವಾದಕರಿಬ್ಬರೂ ಮುಂದೆ ನಿಂತಿರುತ್ತಾರೆ; ಕೆಲವರು ವೃಂದದ ಸಾಲುಗಳನ್ನೇ ಜೊತೆಯಲ್ಲಿ ನುಡಿಸುತ್ತಿರುತ್ತಾರೆ. ಕನ್ಸರ್ಟೊ ಎಂದರೆ ನಾಯಕ ಧಡಕ್ಕನೆ ರಂಗಕ್ಕೆ ಬರಬೇಕು. ಇಲ್ಲಿ ಹಾಗಿಲ್ಲ. ವೃಂದದ ಸದ್ದು ಇಳಿಯುತ್ತಿರುವಾಗ ಅದರೊಳಗಿನಿಂದಲೇ ಒಂದೇ ಸ್ವರ, ಎರಡು ಸ್ಥಾಯಿಗಳಲ್ಲಿ, ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಅದು ಯಾವಾಗ ಶುರುವಾಯಿತು ಎಂದು ನೀವು ಹೇಳಲಾರಿರಿ. ಕಂಡಕ್ಟರ್ ಒಳ್ಳೆಯವರಾದರೆ ಖಂಡಿತ ಹೇಳಲಾರಿರಿ. ವೃಂದದ ಸದ್ದನ್ನು ಆ ಸ್ವರದ ಸದ್ದಿಗಿಂತ ಒಂದು ಎಳೆ ಮೇಲೆ ಇಟ್ಟು, ಆಮೇಲೆ ಕೆಳಗಿಳಿಸುತ್ತಾರೆ. ಇದೊಂದು ಜಾಗದಲ್ಲಿ ಅವರನ್ನು ಪರೀಕ್ಷೆ ಮಾಡಿಬಿಡಬಹುದು.

ಶ್ರುತಿಯ ವಿಷಯವೊಂದು ನಿಮಗೆ ರುಚಿಸಬಹುದು. ವಯೋಲ ಪಿಟೀಲಿಗಿಂತ ದೊಡ್ಡದು, ದನಿ ತುಸು ಮಬ್ಬು. ಪಿಟೀಲಿನ ಪಕ್ಕದಲ್ಲಿ ಮಂಕಾಗಿಬಿಡುತ್ತದೆ. ಅದಕ್ಕೆ ಮೊಟ್ಸಾರ್ಟ್ ವಯೋಲದ ನಾಲ್ಕೂ ತಂತಿಗಳನ್ನು ಅರ್ಧ ಸ್ವರ ಏರಿಸಿ ಶ್ರುತಿ ಮಾಡಲು ಹೇಳಿ, ಅದರ ಭಾಗವನ್ನು ಅರ್ಧ ಸ್ವರ ಕೆಳಗೆ ಬರೆದಿಟ್ಟರು. ಬಿಗಿದ ತಂತಿ ಹೆಚ್ಚು ಹೊಳೆಯುತ್ತದೆ, ಬೆರಳು ಒತ್ತದ ತಂತಿಗಳು ಬಿಡುವಾಗಿ ಮೊಳಗುತ್ತವೆ. ಇಂದಿನ ಹಲವು ವಾದಕರು ಈ ಕಷ್ಟಕ್ಕೆ ಹೋಗದೆ ಮಾಮೂಲಿ ಶ್ರುತಿಯಲ್ಲೇ ನುಡಿಸುತ್ತಾರೆ. ನನಗೆ ಅದು ಅಷ್ಟು ಸರಿಬರುವುದಿಲ್ಲ, ಆದರೆ ನಾನು ವಯೋಲದ ಪಕ್ಷಪಾತಿ. ಮೊದಲ ಎರಡು ಭಾಗಗಳ ಕೊನೆಯಲ್ಲಿ ಕಂಡಕ್ಟರ್ ಕಡ್ಡಿ ಇಳಿಸಿ ಸುಮ್ಮನೆ ನಿಲ್ಲುತ್ತಾರೆ. ಇಬ್ಬರೇ ನುಡಿಸುವ ಆ ಹೊತ್ತಿಗೆ ಕಡೆಂಜಾ ಎನ್ನುತ್ತಾರೆ. ಮನೋಧರ್ಮ ಎಂದುಕೊಳ್ಳಬೇಡಿ; ಇಲ್ಲಿ ಅದನ್ನೂ ಮೊಟ್ಸಾರ್ಟೇ ಬರೆದಿಟ್ಟಿದ್ದಾರೆ. ಕೊನೆಗೆ ಇಬ್ಬರೂ ಒಂದು ಸ್ವರವನ್ನು ಕಂಪಿಸತೊಡಗಿದಾಗ ಕಡ್ಡಿ ಮತ್ತೆ ಮೇಲೇಳುತ್ತದೆ.

ವಿರಾಮ ಸುಮಾರು 20 ನಿಮಿಷ. ವೈನಿಗೂ ಐಸ್‌ಕ್ರೀಮಿಗೂ ಸಾಲು ಉದ್ದ. ನೀವು ಕುಳಿತಲ್ಲೇ ಕುಳಿತು ವೇದಿಕೆ ನೋಡಿದರೆ ಲಾಭ ಹೆಚ್ಚು. ಮೊಟ್ಸಾರ್ಟ್‌ಗೆ ತಂತಿವಾದ್ಯಗಳ ಜೊತೆ ಎರಡು ಓಬೋ, ಎರಡು ಹಾರ್ನ್ ಸಾಕಾಗಿತ್ತು. ಈಗ ಕುರ್ಚಿಗಳು ಬಂದು ತುಂಬುತ್ತವೆ, ಹಿಂದೆ ಟ್ಯೂಬಾ, ಟ್ರೊಂಬೋನು, ತಾಳವಾದ್ಯಗಳು ಬಂದು ಕೂರುತ್ತವೆ. ಪಿಟೀಲುಗಳು ಎರಡು ಗುಂಪು. ಆ ಎರಡೂ ಎಡಕ್ಕೇ ಇವೆಯೋ, ಇಲ್ಲ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಎದುರುಬದುರಾಗಿವೆಯೋ ನೋಡಿಕೊಳ್ಳಿ. ಅದು ಬಹುಮಟ್ಟಿಗೆ ಅತಿಥಿಯ ಆಯ್ಕೆ, ಮತ್ತು ಈ ಸಿಂಫನಿಗೆ ಅದು ಸಣ್ಣ ಸಂಗತಿಯಲ್ಲ.

ಏಕೆಂದರೆ ಕೊನೆಯ ಭಾಗದ ಆರಂಭದಲ್ಲಿ ನಿಮಗೆ ಕೇಳಿಸುವ ಆ ಕೆಳಗಿಳಿಯುವ ದುಃಖದ ರಾಗವನ್ನು ವೇದಿಕೆಯ ಮೇಲೆ ಯಾರೂ ನುಡಿಸುತ್ತಿರುವುದಿಲ್ಲ! ಮೊದಲ ಸ್ವರ ಒಂದು ಗುಂಪಿನದು, ಎರಡನೆಯದು ಇನ್ನೊಂದರದು, ಮೂರನೆಯದು ಮತ್ತೆ ಮೊದಲಿನವರದು. ಒಂದು ಗುಂಪಿನ ಹಾಳೆಯನ್ನಷ್ಟೇ ನುಡಿಸಿದರೆ ಏರುಪೇರಾಗಿ ಹಾರುವ ಅರ್ಥವಿಲ್ಲದ ಸ್ವರಗಳು. ಎರಡು ಸೇರಿ ನಿಮ್ಮ ಕಿವಿಯಲ್ಲಿ ರಾಗವಾಗುತ್ತದೆ. ಚೈಕೋವ್‌ಸ್ಕಿಯ ಕಾಲದಲ್ಲಿ ಪಿಟೀಲುಗಳು ಎದುರುಬದುರಾಗಿ ಕೂರುವುದು ವಾಡಿಕೆ, ಆದ್ದರಿಂದ ಆ ರಾಗ ವೇದಿಕೆಯ ಅಡ್ಡಕ್ಕೆ ತೂಗಾಡುತ್ತಿದ್ದಿರಬೇಕು. ಎಲ್ಲರನ್ನೂ ಎಡಕ್ಕೆ ಕೂರಿಸಿದರೆ ಅದು ಮಾಮೂಲಿ ರಾಗದಂತೆ ಕೇಳಿಸುತ್ತದೆ. ಮುಂದೆ ಅದೇ ರಾಗ ಮರಳಿ ಬಂದಾಗ ಮೊದಲ ಪಿಟೀಲುಗಳೇ ಅದನ್ನು ಇಡಿಯಾಗಿ ನುಡಿಸುತ್ತವೆ. ನನ್ನನ್ನು ಕೇಳಿದರೆ ಪಿಟೀಲುಗಳನ್ನು ಎರಡು ಕಡೆ ಕೂರಿಸುವ ಅತಿಥಿಗೆ ಅರ್ಧ ಅಂಕ ಅಲ್ಲೇ ಕೊಟ್ಟುಬಿಡುತ್ತೇನೆ.

ಎರಡನೆಯ ಭಾಗ ನಿಮ್ಮ ಮನೆಯದೇ. ಯುರೋಪಿನ ಕಿವಿಗೆ ಅದು ಕುಂಟುವ ವಾಲ್ಟ್ಸ್; ವಾಲ್ಟ್ಸ್ ಎಂದರೆ ಮೂರು ಮಾತ್ರೆಯ ನೃತ್ಯ. ವಿಮರ್ಶಕರು ಅದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಮಾತ್ರೆ ಐದು, ಎರಡು ಮತ್ತು ಮೂರಾಗಿ ಒಡೆಯುತ್ತದೆ. ಖಂಡ ಛಾಪು ಹಾಕಿ ಬೆಳೆದ ನಿಮಗೆ ಕುಂಟು ಕಾಣಿಸುವುದೇ ಇಲ್ಲ. ನಲವತ್ತು ವರ್ಷ ಕಛೇರಿ ಕೇಳಿದ ಕೈ ತಾನಾಗಿಯೇ ತೊಡೆಯ ಮೇಲೆ ಬೀಳುತ್ತದೆ, ಅದೊಂದನ್ನು ತಡೆದುಕೊಳ್ಳಿ. ಬೆರಳಲ್ಲಿ ಸದ್ದಿಲ್ಲದೆ ಎಣಿಸಿ. 'ಭಲೇ' ಎನ್ನುವುದೂ ಇಲ್ಲಿ ಸಲ್ಲುವುದಿಲ್ಲ. ಮೈಕ್ ಇರುವುದಿಲ್ಲ, ಮೊದಲ ಐದು ನಿಮಿಷ ಸದ್ದು ಸಾಲದು ಎನಿಸುತ್ತದೆ, ಆಮೇಲೆ ಕಿವಿ ತೆರೆದುಕೊಳ್ಳುತ್ತದೆ. ಈ ಸಿಂಫನಿಯ ಮೊದಲ ಭಾಗದಲ್ಲಿ ಒಂದು ಕಡೆ ಚೈಕೋವ್‌ಸ್ಕಿ 'ಮೆಲ್ಲಗೆ' ಎಂಬ ಗುರುತನ್ನು ಆರು ಸಲ ಬರೆದಿದ್ದಾರೆ. ಆ ಸ್ವರಗಳನ್ನು ಬರೆದದ್ದು ಬಸೂನ್‌ಗೆ. ಅಷ್ಟು ಮೆಲ್ಲಗೆ ಅದರಲ್ಲಿ ಊದುವುದು ಮಹಾ ಕಷ್ಟವಾದ್ದರಿಂದ ಅನೇಕ ಕಂಡಕ್ಟರುಗಳು ಅವನ್ನು ಬಾಸ್ ಕ್ಲಾರಿನೆಟ್‌ಗೆ ವಹಿಸುತ್ತಾರೆ. ಅದು ಮುಗಿದ ಮರುಕ್ಷಣ ಇಡೀ ವೃಂದ ಸಿಡಿಯುತ್ತದೆ. ಮೊದಲ ಸಲ ಕೇಳುವವರು ಕುರ್ಚಿಯಿಂದ ಹಾರುವುದನ್ನು ನೋಡಿದ್ದೇನೆ. ಮೊಮ್ಮಗಳಿಗೆ ಮೊದಲೇ ಹೇಳಬೇಡಿ.

ಚಪ್ಪಾಳೆಯ ಬಗ್ಗೆ ಜನ ಬೇಕಿಲ್ಲದಷ್ಟು ಹೆದರುತ್ತಾರೆ. ಈಗಿನ ಪದ್ಧತಿ ಇಷ್ಟೇ: ಕೃತಿಯ ಎಲ್ಲ ಭಾಗಗಳೂ ಮುಗಿದ ಮೇಲೆ. ಮೊಟ್ಸಾರ್ಟ್‌ನದಕ್ಕೆ ಮೂರು ಭಾಗ, ಚೈಕೋವ್‌ಸ್ಕಿಯದಕ್ಕೆ ನಾಲ್ಕು. ಎಣಿಕೆ ತಪ್ಪಿದರೆ ಕಂಡಕ್ಟರ್ ಕೈಗಳನ್ನು ಪೂರ್ತಿ ಇಳಿಸಿ ಸಭೆಯತ್ತ ತಿರುಗುವವರೆಗೆ ಕಾಯಿರಿ. ಆದರೆ ಇದು ಅನಾದಿಯಿಂದ ಬಂದ ಶಾಸ್ತ್ರವೇನಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಸಿಂಫನಿ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದ್ದನ್ನು ಮೊಟ್ಸಾರ್ಟ್ ಸಂತೋಷದಿಂದ ತಂದೆಗೆ ಬರೆದಿದ್ದರು. ಎಲ್ಲಿ ತಟ್ಟುತ್ತಾರೆ ಎಂದು ಲೆಕ್ಕ ಹಾಕಿಯೇ ಆ ಜಾಗವನ್ನು ಬರೆದಿದ್ದರಂತೆ. 1813ರಲ್ಲಿ ಬೀಥೋವನ್‌ನ ಏಳನೆಯ ಸಿಂಫನಿ ಮೊದಲ ಸಲ ನಡೆದಾಗ ಅದರ ಎರಡನೆಯ ಭಾಗವನ್ನು ಜನ ಮತ್ತೊಮ್ಮೆ ನುಡಿಸಿಸಿದರು. ಭಾಗಗಳ ನಡುವೆ ಮೌನವಾಗಿರುವ ಕಟ್ಟುನಿಟ್ಟು ಬಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ.

ನಿಮ್ಮ ಸಂಜೆಯಲ್ಲಿ ಒಂದು ಬೋನು ಇದೆ: ಚೈಕೋವ್‌ಸ್ಕಿಯ ಮೂರನೆಯ ಭಾಗ. ಅದು ದಂಡಯಾತ್ರೆಯಂತೆ ಏರುತ್ತ ಏರುತ್ತ ಹೋಗಿ ಭರ್ಜರಿಯಾಗಿ ಮುಗಿಯುತ್ತದೆ, ಕಛೇರಿಯೇ ಮುಗಿದಂತೆ. ಪ್ರಪಂಚದ ಯಾವ ಊರಿನಲ್ಲಿ ನುಡಿಸಿದರೂ ಅಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಾರೆ, ಇನ್ಯಾರೋ ತಿರುಗಿ ಗುರಾಯಿಸುತ್ತಾರೆ. ತಟ್ಟಿದವರಿಗಿಂತ ಗುರಾಯಿಸಿದವರೇ ನನಗೆ ಹೆಚ್ಚು ಕಿರಿಕಿರಿ. ಕೆಲವು ಕಂಡಕ್ಟರುಗಳು ಕೈ ಇಳಿಸದೆ ನೇರವಾಗಿ ಕೊನೆಯ ಭಾಗಕ್ಕೆ ನುಗ್ಗುತ್ತಾರೆ, ಕೆಲವರು ಚಪ್ಪಾಳೆ ಅಡಗುವವರೆಗೆ ತಾಳ್ಮೆಯಿಂದ ನಿಲ್ಲುತ್ತಾರೆ. ನಿಮ್ಮ ಅತಿಥಿ ಯಾವ ಜಾತಿಯವರು ಎಂದು ಅಲ್ಲಿ ತಿಳಿಯುತ್ತದೆ. ಚೈಕೋವ್‌ಸ್ಕಿ ತಾವೇ ಇದನ್ನು 1893ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಬಾರಿ ನಡೆಸಿಕೊಟ್ಟು ಒಂಬತ್ತು ದಿನಗಳಲ್ಲಿ ತೀರಿಕೊಂಡರು. ನಿಜವಾದ ಕೊನೆ ಚೆಲ್ಲೊ, ಡಬಲ್ ಬಾಸುಗಳಲ್ಲಿ ಇಳಿದು ಇಲ್ಲವಾಗುತ್ತದೆ. ಅಲ್ಲಿ ಮೊದಲ ಚಪ್ಪಾಳೆ ನಿಮ್ಮದಾಗುವುದು ಬೇಡ.

ಉಡುಪಿನ ನಿಯಮವಿಲ್ಲ. ಮನೆಯವರು ಸೀರೆ ಉಡಲಿ, ನೀವು ಸ್ವೆಟರ್ ಹಾಕಿಕೊಳ್ಳಿ. ಏಳೂವರೆ ಎಂದಿದ್ದರೆ ಏಳಕ್ಕೇ ಒಳಗಿರಿ; ತಡವಾದವರನ್ನು ಸೂಕ್ತ ವಿರಾಮ ಬರುವವರೆಗೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಬೇಗ ಹೋದರೆ ಓಬೋ ಒಂದು ಸ್ವರ ಹಿಡಿದು ಎಲ್ಲರೂ ಶ್ರುತಿ ಕೂಡಿಸುವುದನ್ನೂ, ಅದಕ್ಕೆ ಮುನ್ನ ವೃಂದದ ಮೊದಲ ಪಿಟೀಲು ವಾದಕರು ಒಬ್ಬರೇ ಬಂದು ಚಪ್ಪಾಳೆ ಪಡೆಯುವುದನ್ನೂ ಕಾಣಬಹುದು. ಅಲ್ಲಿ ಅವರನ್ನು ಲೀಡರ್ ಎನ್ನುತ್ತಾರೆ. ಕಂಡಕ್ಟರ್ ಬಂದೊಡನೆ ಮೊದಲು ಕೈ ಕುಲುಕುವುದು ಅವರದೇ. ಟಿಕೆಟ್ ಎಲ್ಲಿಯದು ಎಂದು ಮಗನನ್ನು ಕೇಳಿ. ವೃಂದದ ಹಿಂದೆ, ಮೇಳದವರು ಹಾಡಲು ಕೂರುವ ಸಾಲುಗಳಲ್ಲೂ ಆಸನ ಮಾರುವುದುಂಟು. ಬೆಲೆ ಕಡಿಮೆ, ಕಂಡಕ್ಟರ್ ಮುಖ ಪೂರ್ತಿ ಕಾಣುತ್ತದೆ, ಆದರೆ ಸೋಲೋ ವಾದಕರ ಬೆನ್ನು ನಿಮ್ಮತ್ತ ಇರುತ್ತದೆ, ಟ್ರೊಂಬೋನುಗಳು ಕಿವಿಯ ಬುಡದಲ್ಲೇ ಮೊಳಗುತ್ತವೆ. ಚೈಕೋವ್‌ಸ್ಕಿಗೆ ಅದು ಮೋಜು, ಮೊಟ್ಸಾರ್ಟ್‌ಗೆ ನಷ್ಟ.

ಮೊಮ್ಮಗಳನ್ನು ಕರೆದುಕೊಂಡೇ ಹೋಗಿ. ಒಂಬತ್ತು ಒಳ್ಳೆಯ ವಯಸ್ಸು. ವಯಸ್ಸಿನ ಮಿತಿ ಏನಾದರೂ ಇದೆಯೇ ಎಂದು ಟಿಕೆಟ್ ಪುಟದಲ್ಲಿ ಒಮ್ಮೆ ನೋಡಿಕೊಂಡರೆ ಸಾಕು. ಸಾಲಿನ ತುದಿಯ ಆಸನ ಅವಳಿಗಿರಲಿ. ಕರಕರ ಎನ್ನುವ ಕಾಗದದ ಮಿಠಾಯಿ ಬೇಡ. ಅವಳಿಗೊಂದು ಕೆಲಸ ಕೊಡಿ: ವೇದಿಕೆಯ ಹಿಂದೆ ದೊಡ್ಡ ಜಾಗಟೆಯೊಂದು ತೂಗಿರುತ್ತದೆ, ತಾಮ್-ತಾಮ್ ಎಂದು ಅದರ ಹೆಸರು. ಮುಕ್ಕಾಲು ಗಂಟೆಯ ಸಿಂಫನಿಯಲ್ಲಿ ಅದಕ್ಕೆ ಬೀಳುವುದು ಒಂದೇ ಪೆಟ್ಟು, ಕೊನೆಯ ಭಾಗದಲ್ಲಿ. ಅದನ್ನು ಅವಳು ಹಿಡಿಯಬೇಕು. ಅಷ್ಟು ಹೊತ್ತಿಗೆ ನಿದ್ದೆ ಬಂದಿದ್ದರೆ ಬೇಸರವಿಲ್ಲ. ಅದಕ್ಕೂ ಮೊದಲೇ ದಣಿದರೆ ವಿರಾಮದಲ್ಲೇ ಒಬ್ಬರು ಅವಳನ್ನು ಕರೆದುಕೊಂಡು ಹೊರಡಬಹುದು, ವಾಟರ್ಲೂ ರೈಲು ನಿಲ್ದಾಣ ನಡೆದೇ ಹೋಗುವಷ್ಟು ಹತ್ತಿರದಲ್ಲಿದೆ.